ಮೂತಿ ಮುಂದಾದ ಬಾತುಕೋಳಿ

ಬಾತುಕೋಳಿಯ ಎಡಗಣ್ಣು ಕೂದಲೆಳೆಯಷ್ಟು ಮೇಲಿತ್ತು. ಅದು ಕಂಡದ್ದು ಮಾಡಿದವನೊಬ್ಬನಿಗೇ.

ಓಣಿಯವರು ಅವನನ್ನು ಇನ್ನೊಂಚೂರಣ್ಣ ಎಂದೇ ಕರೆಯುತ್ತಿದ್ದರು. ಕೀಲಿ ಕೊಟ್ಟರೆ ನಡೆಯುವ ಮರದ ಬಾತುಕೋಳಿ ಎಂದೋ ಸಿದ್ಧವಾಗಿತ್ತು. ಅವನ ಕೈಬಿಟ್ಟು ಮಾತ್ರ ಹೋಗಿರಲಿಲ್ಲ.

"ಸಂಜೆ ಆಟಿಕೆ ಅಂಗಡಿಯವರು ಬರ್ತಾರೆ. ಕೊಟ್ರೆ ಸರಿ, ಇಲ್ಲಾಂದ್ರೆ ನಾಳೆಯಿಂದ ನಮ್ಮಣ್ಣನ ಗೋದಾಮಲ್ಲಿ ಮೂಟೆ ಕಾಯ್ತಾ ಕೂತ್ಕೊಳ್ಳಿ," ಎಂದಳು ಹೆಂಡತಿ.

ಭಾವನ ಗೋದಾಮು ನೆನೆದರೇ ಅವನಿಗೆ ಸೀನು ಬರುತ್ತಿತ್ತು.

ಕಣ್ಣು ತಿದ್ದಿ, ಬಣ್ಣ ಒಣಗಲೆಂದು ಕಿಟಕಿಯಲ್ಲಿಟ್ಟ. ಅದೇ ತಪ್ಪಾಯಿತು. ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಇಣುಕಿದರು. ಅವರು ಮೊಸರಲ್ಲೂ ಕಲ್ಲು ಹುಡುಕುವವರು.

"ಕಣ್ಣೇನೋ ಚೆನ್ನಾಗಿದೆ ಕಣಯ್ಯ. ಬಾಲ ಸ್ವಲ್ಪ ದಪ್ಪ ಆಯ್ತು."

ಬಾಲ ಕೆತ್ತಿದ. ಹಿಂದಿನ ಭಾರ ಇಳಿದದ್ದೇ ಮೂತಿ ನೆಲಕ್ಕೆ ಬಾಗಿತು. ಮಹಡಿಯಿಂದ ಟೈಲರಮ್ಮ ಟೇಪು ಹಿಡಿದೇ ಇಳಿದು ಬಂದಳು.

"ಕಾಲು ಉದ್ದ ಆಗಿದೆ ಅಣ್ಣ. ನಾನಾಗಿದ್ರೆ ಮಡಿಚಿ ಹೊಲಿದುಬಿಡ್ತಿದ್ದೆ."

"ಮರಾನ ಮಡಿಚೋಕಾಗುತ್ತೇನಮ್ಮ?"

"ಹಾಗಾದ್ರೆ ಉಜ್ಜು."

ಎಡಗಾಲು ಉಜ್ಜಿದ, ಬಲಗಾಲು ಉದ್ದವಾಯಿತು. ಬಲಗಾಲು ಉಜ್ಜಿದ, ಎಡಗಾಲು ಉದ್ದವಾಯಿತು. ಸಂಜೆಯ ಹೊತ್ತಿಗೆ ಬಾತುಕೋಳಿಗೆ ನಿಂತರೂ ಕೂತ ಹಾಗೆಯೇ ಕಾಣುವಷ್ಟೇ ಕಾಲು ಉಳಿದಿತ್ತು.

ಅಷ್ಟರಲ್ಲಿ ಅಂಗಡಿಯವರು ಬಂದರು. ಅವನು ಗೊಂಬೆಯನ್ನು ಬೆನ್ನ ಹಿಂದೆ ಬಚ್ಚಿಟ್ಟ.

"ನನ್ನನ್ನ ಗಂಡನ ಮನೆಗೆ ಕಳಿಸೋಕೆ ನಮ್ಮಪ್ಪನೂ ಇಷ್ಟು ಸತಾಯಿಸಿರ್ಲಿಲ್ಲ!" ಎಂದು ಹೆಂಡತಿ ಅದನ್ನು ಕಿತ್ತುಕೊಂಡು, ಕೀಲಿ ತಿರುಗಿಸಿ ಮೇಜಿನ ಮೇಲೆ ಬಿಟ್ಟಳು.

ಬಾತುಕೋಳಿ ಭಾಷಣಕ್ಕೆ ಹೊರಟ ಅಧ್ಯಕ್ಷರಂತೆ ಗಂಭೀರವಾಗಿ ನಡೆಯಿತು. ಮೇಜಿನ ನಡುವೆ ಧೊಪ್ಪನೆ ಮೂತಿ ಊರಿ ಬಿತ್ತು. ಬಿದ್ದಮೇಲೂ ಕಾಲು ನಡೆಯುತ್ತಲೇ ಇತ್ತು.

ಅವನು ಕಣ್ಣು ಮುಚ್ಚಿಕೊಂಡ. ಮೂಟೆಗಳು ಕಂಡವು.

ನಗು ಕೇಳಿಸಿತು. ಅಂಗಡಿಯವರು ಹೊಟ್ಟೆ ಹಿಡಿದುಕೊಂಡಿದ್ದರು.

"ನಡೆಯೋ ಬಾತುಕೋಳಿ ನನ್ನ ಅಂಗಡಿ ತುಂಬ ಇವೆ ಸ್ವಾಮಿ, ಹೀಗೆ ಬೀಳೋದು ಒಂದೂ ಇಲ್ಲ! ಇದನ್ನ ತಗೊಂಡು ಹೋಗ್ತೀನಿ. ಬೆಳಿಗ್ಗೆ ಇಂಥದ್ದೇ ಇನ್ನೊಂದು ಕೊಡಿ. ಅದೂ ಹೀಗೇ ಬಿದ್ರೆ, ಅಂಗಡಿಗೆ ಬೇಕಾದಷ್ಟೂ ನೀವೇ ಮಾಡಿ."

ಅಂಗಡಿಯವರು ಅದನ್ನೆತ್ತಿಕೊಂಡು ಹೊರಟಮೇಲೆ ಹೆಂಡತಿ ಹಿಗ್ಗಿನಿಂದ ಅಡುಗೆಮನೆಗೆ ಹೋದಳು. ಅವನು ಹಿಂದೊಮ್ಮೆ ಬೇಡವೆಂದು ಅಟ್ಟಕ್ಕೆ ಎಸೆದಿದ್ದ ಬಾತುಕೋಳಿಯನ್ನು ಇಳಿಸಿ, ಬಾಲ ಕೆತ್ತಿ, ಕಾಲು ಉಜ್ಜಿ, ಕೀಲಿ ಕೊಟ್ಟ. ಧೊಪ್. ಮತ್ತೆ ಕೀಲಿ ಕೊಟ್ಟ. ಧೊಪ್.

ಸದ್ದು ನಿಲ್ಲದಿದ್ದಾಗ ಅವಳು ಬಂದು ನೋಡಿದಳು. ಅವನು ಮತ್ತೆ ಅರ ಹಿಡಿದಿದ್ದ.

"ಏನ್ರೀ? ಬೀಳ್ತಿದೆಯಲ್ಲ!"

"ಬೀಳೋದೇನೋ ಬೀಳುತ್ತೆ ಕಣೇ," ಎಂದ ಅವನು, ತಲೆಯೆತ್ತದೆ. "ಆದ್ರೆ ಮೊದಲಿನದರಷ್ಟು ಚೆನ್ನಾಗಿ ಬೀಳ್ತಿಲ್ಲ."

ಅವಳು ಒಳಗೆ ಹೋಗಿ ಅಣ್ಣನಿಗೆ ಫೋನ್ ಹಚ್ಚಿದಳು.