ಮಾತು ಬಿಟ್ಟುಕೊಟ್ಟ ಮಾತುಗಾರ

ಬೆಳಿಗ್ಗೆ ಆರು ಗಂಟೆಗೆ ಪೆಸಮಿನೊನ ಗಂಟಲು ಕೆಟ್ಟಿತು. ಕೆಟ್ಟಿತು ಅನ್ನುವುದಕ್ಕಿಂತ ಅವನೇ ಕೆಡಿಸಿಕೊಂಡ ಅನ್ನಬೇಕು. ಚಾಪೆಯ ಮೇಲೆ ಎದ್ದು ಕೂತವನೇ ಕುತ್ತಿಗೆ ಹಿಡಿದುಕೊಂಡು ಹೆಂಡತಿ ಮಕೆರಿತಾಳಿಗೆ ಕೈಸನ್ನೆ ಮಾಡಿದ.

"ನನ್ನ ಹತ್ರ ಯಾಕ್ರೀ ನಾಟಕ? ಬಾಯಿಬಿಟ್ಟು ಹೇಳಿ," ಎಂದಳು ಅವಳು.

"ಗಂಟಲು ಹೋಗಿದೆ ಅಂತ ಹೊರಗೆ ಹೇಳ್ಬಿಡೇ, ನಿನ್ನ ದಮ್ಮಯ್ಯ," ಎಂದ ಪೆಸಮಿನೊ, ಗಂಟೆ ಬಾರಿಸಿದಂಥ ದನಿಯಲ್ಲಿ.

ಉಪೋಲು ದ್ವೀಪದ ದಕ್ಷಿಣ ತೀರದ ಆ ಊರಿನಲ್ಲಿ ಪೆಸಮಿನೊ ಬಸ್ ಓಡಿಸುತ್ತಿದ್ದ. ಬಸ್ಸಿನಲ್ಲಿ ಹಾಡು ಕಿವಿ ಹರಿದುಹೋಗುವಷ್ಟು ಜೋರಾಗಿರುತ್ತಿದ್ದರಿಂದ ಡ್ರೈವರು ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಕೆಲಸ ಅವನಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಹನ್ನೊಂದು ವರ್ಷದ ಹಿಂದೆ ಚಿಕ್ಕಪ್ಪ ತೀರಿಕೊಂಡು, ಮನೆತನದ ಮಾತುಗಾರನ ಪಟ್ಟ ಇವನ ತಲೆಗೆ ಬಂತು. ಪಟ್ಟದ ಜೊತೆಗೆ ಉದ್ದನೆಯ ಕೋಲು, ತೆಂಗಿನ ನಾರಿನ ಚಾಮರ, ಮತ್ತು ನೆಂಟರು ಬಂದಾಗ ಊರಿನ ಪರವಾಗಿ ಎದ್ದು ನಿಂತು ಭಾಷಣ ಮಾಡುವ ಹೊಣೆ.

ಪುಣ್ಯಕ್ಕೆ ಊರಿನಲ್ಲಿ ಅಂಥವರು ಆರು ಜನ ಇದ್ದರು. ಅತಿಥಿಗಳ ಎದುರಿಗೇ ಆರೂ ಜನ ನಿಂತು, ಇವತ್ತು ಮಾತು ನನ್ನದು, ನನ್ನದು ಎಂದು ವಾದಿಸಿ, ಕೊನೆಗೆ ಒಬ್ಬರಿಗೆ ಬಿಟ್ಟುಕೊಡುವುದು ಪದ್ಧತಿ. ಪೆಸಮಿನೊ ಅದರಲ್ಲೇ ಬಚಾವಾಗುವ ದಾರಿ ಕಂಡುಕೊಂಡ. "ಮಾತು ನನ್ನದು" ಎಂದು ಒಂದು ಸಲ ಗದರುವುದು, ಎರಡು ನಿಮಿಷ ಹುಬ್ಬು ಗಂಟಿಕ್ಕುವುದು, ಆಮೇಲೆ "ಹೋಗಲಿ, ನೀವೇ ಆಡಿ" ಎಂದು ಕೂತುಬಿಡುವುದು.

ಊರು ಇದನ್ನು ದೊಡ್ಡತನ ಎಂದು ತಿಳಿಯಿತು. "ಅವನು ಬಿಟ್ಟುಕೊಟ್ಟೋರೇ ಇಷ್ಟು ಚೆನ್ನಾಗಿ ಮಾತಾಡ್ತಾರಲ್ಲ, ಇನ್ನು ಅವನೇ ನಿಂತ್ರೆ ಹೇಗಿರಬೇಡ," ಎಂದು ಜನ ಆಡಿಕೊಂಡರು. ಹಬ್ಬದ ಹಂದಿಯಲ್ಲಿ ಒಳ್ಳೆಯ ತುಂಡು ಅವನ ಮುಂದೆ ಬರತೊಡಗಿತು, ಅವನೂ ನಾಚಿಕೆಯಿಲ್ಲದೆ ತಿಂದ. ಒಂದೊಂದು ದಿನ ಬಸ್ಸಿನ ಕನ್ನಡಿಯಲ್ಲಿ ಮುಖ ನೋಡಿಕೊಂಡಾಗ, ತಾನು ದೊಡ್ಡ ಮಾತುಗಾರನೇ ಇದ್ದರೂ ಇರಬಹುದು ಎಂದು ಅವನಿಗೇ ಅನ್ನಿಸಿಬಿಡುತ್ತಿತ್ತು.

ನಿಜ ಗೊತ್ತಿದ್ದವಳು ಮಕೆರಿತಾ ಒಬ್ಬಳೇ. ಮದುವೆಯಾಗುತ್ತೀಯಾ ಎಂದು ಅವಳನ್ನು ಕೇಳಲು ಬಂದವನು, ಅರ್ಧ ಗಂಟೆ ಬೆವರಿ, ಕೊನೆಗೆ ಒಂದು ಲೋಟ ನೀರು ಕೇಳಿ ಕುಡಿದು ಹೋಗಿದ್ದ. ಅವಳೇ ಹಿಂದೆ ಓಡಿಹೋಗಿ ಒಪ್ಪಿಗೆ ಹೇಳಬೇಕಾಯಿತು.

ಈಗ ಮಗಳು ತಿರೇಸಾಳ ಸರದಿ. ಇವತ್ತು ಸವಾಯಿ ದ್ವೀಪದಿಂದ ಹುಡುಗನ ಕಡೆಯವರು ಹಡಗು ಹತ್ತಿ ಹೆಣ್ಣು ಕೇಳಲು ಬರುವವರಿದ್ದರು. ಹುಡುಗನ ದೊಡ್ಡಪ್ಪ ತೌಸಾಗಾ ಆ ಕಡೆಯ ಹೆಸರಾಂತ ಮಾತುಗಾರ. ಮಾತು ಸಪ್ಪೆಯಾದ ಮನೆಯಿಂದ ಹೆಣ್ಣು ತರಬಾರದು ಎಂದು ಎರಡು ಸಂಬಂಧ ಮುರಿದವನು. ಅವನ ಮುಂದೆ ತಿರೇಸಾ, "ನಮ್ಮಪ್ಪನಂಥ ಮಾತುಗಾರ ಇಡೀ ಉಪೋಲುವಿನಲ್ಲೇ ಇಲ್ಲ" ಎಂದು ಹೇಳಿ ಬಂದಿದ್ದಳು. ನಿನ್ನೆ ಸಂಜೆ ಮಾತುಗಾರರಲ್ಲಿ ಹಿರಿಯನಾದ ಲೆಯಾವಾ ಉಳಿದವರನ್ನೆಲ್ಲ ಕರೆದುಕೊಂಡು ಮನೆಗೇ ಬಂದ.

"ನಾಳೆ ವಾದ ಗೀದ ಏನೂ ಇಲ್ಲಪ್ಪ. ಮಗಳು ನಿನ್ನವಳು, ಮಾತೂ ನಿಂದೇ. ನಾವೈದು ಜನಾನೂ ಬಿಟ್ಟುಕೊಟ್ಟಿದೀವಿ."

ಗಂಟಲು ಕೆಟ್ಟಿದ್ದು ಅದಕ್ಕೆ.

ಮಕೆರಿತಾ ಹೊರಗೆ ಹೋಗಿ ಹೇಳಿ ಐದು ನಿಮಿಷವಾಗಿರಲಿಲ್ಲ, ಪಕ್ಕದ ಮನೆಯ ಮದ್ದಿನ ಮುದುಕಿ ಫೆತು ಎಣ್ಣೆಯ ಸೀಸೆ ಹಿಡಿದು ಬಂದಳು. ಯಾವುದೋ ಸೊಪ್ಪು ಅರೆದು ಬಾಯಿಗೆ ಹಿಂಡಿದಳು. ಅದರ ಕಹಿಗೆ ಪೆಸಮಿನೊನ ಕಣ್ಣಲ್ಲಿ ನೀರು ಬಂತು.

"ಪಾಪ, ಮಗಳಿಗೋಸ್ಕರ ಮಾತಾಡಕ್ಕಾಗಲ್ಲ ಅಂತ ಅಳ್ತಿದಾನೆ," ಎಂದಳು ಫೆತು.

ಲೆಯಾವಾ ಬಿಸಿ ಕೋಕೋ ತಂದ. ಅದು ಇಳಿಯುವ ಮೊದಲೇ ಚರ್ಚಿನ ಹಾಡಿನ ಹೆಂಗಸರು ಬಂದು ಸುತ್ತ ಕೂತು ಹಾಡತೊಡಗಿದರು. ಗೋಡೆಯಿಲ್ಲದ ಕಂಬದ ಮನೆ, ಓಡಿಹೋಗಲು ನಾಲ್ಕು ದಿಕ್ಕೂ ತೆರೆದಿತ್ತು, ಆದರೆ ನಾಲ್ಕು ದಿಕ್ಕಿನಲ್ಲೂ ಜನ. ಹತ್ತು ಗಂಟೆಗೆ ಪಾದ್ರಿಗಳು ಮೈಕಿನಲ್ಲಿ ಅವನ ಗಂಟಲಿನ ಹೆಸರು ಹಿಡಿದು ಪ್ರಾರ್ಥನೆ ಮಾಡಿದರು. ಇನ್ನು ಗಂಟಲು ಸರಿಯಾಗಲಿಲ್ಲವೆಂದರೆ ದೇವರಿಗೇ ಅವಮಾನ ಎನ್ನುವ ಸ್ಥಿತಿಗೆ ಬಂತು.

"ನಾಟಕ ಅತಿಯಾಯ್ತು ಕಣ್ರೀ," ಎಂದು ಮಕೆರಿತಾ ಕಿವಿಯಲ್ಲಿ ಪಿಸುಗುಟ್ಟಿದಳು. "ಇದಕ್ಕಿಂತ ಎರಡು ಮಾತಾಡಿ ಮುಗಿಸೋದೇ ವಾಸಿ."

ಅವನು ಆಗದು ಎಂದು ತಲೆಯಾಡಿಸಿದ. ಆ ಹೊತ್ತಿಗೆ ಫೆತು ಹಿಂದಿನಿಂದ ಬಂದು, ಅವನ ಕುತ್ತಿಗೆಯ ನರವೊಂದನ್ನು ಹೆಬ್ಬೆರಳಲ್ಲಿ ಒತ್ತಿ ತಿರುವಿದಳು. "ಅಯ್ಯಯ್ಯಪ್ಪಾ, ಸತ್ತೇ" ಎಂದು ಪೆಸಮಿನೊ ಕಿರುಚಿದ್ದು ಸಮುದ್ರದಲ್ಲಿ ಮೀನು ಹಿಡಿಯುತ್ತಿದ್ದವರಿಗೂ ಕೇಳಿಸಿತು.

"ಬಂತು ನೋಡು ದನಿ," ಎಂದಳು ಮುದುಕಿ, ಕೈ ಒರೆಸಿಕೊಳ್ಳುತ್ತ.

ಮಧ್ಯಾಹ್ನ ಬೀಗರು ಬಂದರು. ಬಯಲಿನಲ್ಲಿ ತೌಸಾಗಾ ಒಂದು ಗಂಟೆ ಮಾತಾಡಿದ. ಗಾಳಿ, ದೋಣಿ, ಎರಡೂ ದ್ವೀಪದ ಹಿರಿಯರ ವಂಶಾವಳಿ, ಒಂದು ಹೆಸರೂ ತಪ್ಪಲಿಲ್ಲ. ಆಮೇಲೆ ಪೆಸಮಿನೊ ಕೋಲು ಊರಿ ಎದ್ದ. ನೆನಪಿಟ್ಟುಕೊಂಡಿದ್ದ ಎರಡು ಸಾಲೂ ಆ ಕ್ಷಣಕ್ಕೆ ಹಾರಿಹೋದವು. ಎದುರಿಗೆ ತಿರೇಸಾ ಕೂತಿದ್ದಳು. ನಮ್ಮಪ್ಪ ಈಗ ನೋಡಿ ಎನ್ನುವಂತೆ ಅವಳ ಮುಖ ಅರಳಿತ್ತು. ಈ ಸುಳ್ಳಿನ ಮೇಲೆ ಮಗಳ ಸಂಸಾರ ನಿಲ್ಲಿಸಬಾರದು, ಆದದ್ದಾಗಲಿ ಎಂದು ಬಾಯಿಬಿಟ್ಟ.

"ನನಗೆ ಮಾತಾಡಕ್ಕೆ ಬರಲ್ಲ," ಎಂದ.

"ಭೇಷ್," ಎಂದ ತೌಸಾಗಾ. ದೊಡ್ಡ ಮಾತುಗಾರರು ತಮ್ಮನ್ನು ತಾವು ಹಳಿದುಕೊಂಡೇ ಶುರು ಮಾಡುವುದು ವಾಡಿಕೆ. ಆದರೆ ಇಷ್ಟು ನೇರವಾಗಿ ಯಾರೂ ಶುರು ಮಾಡಿರಲಿಲ್ಲ.

"ಹನ್ನೊಂದು ವರ್ಷದಿಂದ ಊರಿಗೆಲ್ಲ ಮೋಸ ಮಾಡಿದೀನಿ. ಮಾತು ಬಿಟ್ಟುಕೊಟ್ಟಿದ್ದು ದೊಡ್ಡತನಕ್ಕಲ್ಲ, ಹೆದರಿಕೆಗೆ. ಈ ಕೋಲು ಹಿಡಿಯೋ ಯೋಗ್ಯತೆ ನನಗಿಲ್ಲ. ಇದನ್ನ ಬೇಲಿಗೆ ನೆಟ್ಟಿದ್ರೂ ನನಗಿಂತ ಚೆನ್ನಾಗಿ ಕೆಲಸ ಮಾಡ್ತಿತ್ತು."

"ಭೇಷ್, ಭೇಷ್," ಎಂದಿತು ಸಭೆ.

"ಭೇಷ್ ಅನ್ನಬೇಡಿ, ನಿಜ ಹೇಳ್ತಿದೀನಿ," ಎಂದ ಪೆಸಮಿನೊ, ಅಳುವ ದನಿಯಲ್ಲಿ. "ಬೆಳಿಗ್ಗೆ ಗಂಟಲು ಕೆಟ್ಟಿದ್ದೂ ಸುಳ್ಳು. ಫೆತು ಅಜ್ಜಿ ಸುಮ್ನೆ ಕಷ್ಟಪಟ್ರು."

"ಊರು ಹೊಗಳಿದ್ರೆ ನನಗೆ ಮುಜುಗರ ಆಗುತ್ತೆ ಅಂತ, ಕಾಯಿಲೇನೇ ಸುಳ್ಳು ಅಂತ ತನ್ನ ಮೇಲೆ ಹಾಕ್ಕೊಂಡ," ಎಂದು ಫೆತು ಸೆರಗಿಲ್ಲದ ಹೆಗಲಿಗೇ ಕಣ್ಣು ಒರೆಸಿಕೊಂಡಳು.

"ನನ್ನ ನೋಡಿ ಹೆಣ್ಣು ಬೇಡ ಅನ್ನಬೇಡಿ. ಅವಳು ಒಳ್ಳೇ ಹುಡುಗಿ. ಅಪ್ಪನ್ನ ನಂಬಿದ್ದೊಂದೇ ಅವಳು ಮಾಡಿದ ತಪ್ಪು," ಎಂದವನು ನಿಂತಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟ.

ಆಮೇಲೆ ತೌಸಾಗಾ ಎದ್ದು ಬಂದು, ತಾನೂ ಅವನ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತ.

"ನಾನು ಒಂದು ಗಂಟೆ ಬಡ್ಕೊಂಡಿದ್ದು ದಂಡ," ಎಂದ. "ನಲವತ್ತು ವರ್ಷದಲ್ಲಿ ಇಂಥ ಮಾತು ಕೇಳಿರ್ಲಿಲ್ಲ. ಹೆಣ್ಣು ನಮ್ಮದಾಯ್ತು. ಇನ್ನೆರಡು ತಿಂಗಳಿಗೆ ನಮ್ಮೂರಿನ ಹೊಸ ಚರ್ಚು ತೆರೀತಾರೆ, ಹನ್ನೆರಡು ಊರಿನೋರು ಬರ್ತಾರೆ. ಅವತ್ತು ಮಾತು ಈ ಬೀಗರದ್ದೇ. ಇವರಿಗೆ ಬಿಟ್ಟುಕೊಡೋ ಅಭ್ಯಾಸ ಇದೆಯಂತೆ, ಅದನ್ನ ಮಾತ್ರ ನಾವು ಒಪ್ಪಲ್ಲ."

ಪೆಸಮಿನೊ ಬಾಯಿ ತೆರೆಯುವುದರೊಳಗೆ ಲೆಯಾವಾ ಊರಿನ ಪರವಾಗಿ ಒಪ್ಪಿಕೊಂಡುಬಿಟ್ಟಿದ್ದ.

ಊಟ ಮುಗಿದು, ಬೀಗರು ಹೊರಟು, ತಿರೇಸಾ ಅಪ್ಪನ ಕುತ್ತಿಗೆಗೆ ಜೋತುಬಿದ್ದು ಅತ್ತು ಹೋದ ಮೇಲೆ, ಪೆಸಮಿನೊ ಮೆಲ್ಲನೆ ಅಡುಗೆಯ ಗುಡಿಸಲಿಗೆ ಬಂದ. ಮಕೆರಿತಾ ಒಬ್ಬಳೇ ಪಾತ್ರೆ ಮುಂದಿಟ್ಟುಕೊಂಡು ಕೂತಿದ್ದಳು. ಬೆಳಗಿನಿಂದ ಮೊದಲ ಸಲ ಅವನಿಗೆ ಜೀವ ಬಂದಂತಾಯಿತು.

"ಹೆಂಗೋ ಮಗಳ ಕೆಲಸ ಆಯ್ತು," ಎಂದ. "ಆದ್ರೆ ಹನ್ನೆರಡು ಊರು ಕಣೇ. ನನ್ನ ನಿಜ ಗೊತ್ತಿರೋಳು ನೀನೊಬ್ಬಳೇ. ಏನಾದ್ರೂ ಉಪಾಯ ಹೇಳು."

ಮಕೆರಿತಾ ತಲೆಯೆತ್ತಿದಳು. ಅವಳ ಕಣ್ಣು ಕೆಂಪಾಗಿ ಊದಿಕೊಂಡಿತ್ತು.

"ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದೀನಿ," ಎಂದಳು. "ಇಂಥ ಮಾತುಗಾರಿಕೇನ ನನ್ನ ಹತ್ರಾನೂ ಮುಚ್ಚಿಟ್ರಲ್ಲ ರೀ."

"ಏನೇ ಮುಚ್ಚಿಟ್ಟೆ? ನನಗೆ ಮಾತು ಬರಲ್ಲ ಅಂತ ನಿನಗೆ ಗೊತ್ತಿಲ್ವೇನೇ?"

"ನೋಡಿ, ಮತ್ತೆ ಶುರು ಮಾಡಿದ್ರಿ," ಎಂದು ಮಕೆರಿತಾ ಕಣ್ಣೊರೆಸಿಕೊಂಡು, ಬಂದು ಕೇಳಿಸಿಕೊಳ್ಳಿ ಎಂದು ಹೊರಗಿದ್ದ ಹೆಂಗಸರನ್ನೆಲ್ಲ ಕೂಗಿ ಕರೆದಳು.