ನಮ್ಮ ಭಾವನ ಜೇನುಯಂತ್ರ

ಈ ಲೋಕದಲ್ಲಿ ನಮ್ಮ ಭಾವನನ್ನು ಗಂಭೀರವಾಗಿ ತೆಗೆದುಕೊಂಡವರೆಂದರೆ ಜೇನುಹುಳಗಳು ಮಾತ್ರ. ಅವೂ ತಮ್ಮ ಅಭಿಪ್ರಾಯವನ್ನು ಕಚ್ಚಿಯೇ ತಿಳಿಸಿದವು. ಉಳಿದ ನಾವೆಲ್ಲ, ಅಂದರೆ ಅವನ ಹೆಂಡತಿಯ ತವರಿನವರು, ಬರೀ ಮಾತಿನಲ್ಲಿ ಕಚ್ಚುತ್ತಿದ್ದೆವು.

ಭಾವ ಬೆಟಗೇರಿಯ ನೇಕಾರ. ಸೀರೆ ನೇಯುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಆದರೆ ಬರುವ ಕೆಲಸ ಮಾಡಿಕೊಂಡು ಸುಮ್ಮನಿರುವಷ್ಟು ಸಾಮಾನ್ಯ ಮನುಷ್ಯನೇ ಅವನು? ಸ್ವಾತಂತ್ರ್ಯ ಬಂದ ಹೊಸತು. ಊರಿನಲ್ಲಿ ಕೆಲವರು ಟೋಪಿ ಹಾಕಿಕೊಂಡು ಮುಂದಾಳುಗಳಾದರು, ಕೆಲವರು ಅವರ ಹಿಂದೆ ನಡೆದರು. ಭಾವ ಮಾತ್ರ ಹುಲಕೋಟಿಗೆ ಹೋದ. ಅಲ್ಲಿ ಯಾರೋ ಸಾಹೇಬರು ಜೇನು ತೆಗೆಯುವ ಯಂತ್ರ ತೋರಿಸುತ್ತಿದ್ದರಂತೆ. ದೊಡ್ಡ ತಗಡಿನ ಪೀಪಾಯಿ, ಒಳಗೆ ತಿರುಗುವ ಪಂಜರ, ಮೇಲೊಂದು ಹಿಡಿಕೆ. ಜೇನುಹುಟ್ಟನ್ನು ಪಂಜರದಲ್ಲಿಟ್ಟು ತಿರುಗಿಸಿದರೆ ಜೇನುತುಪ್ಪ ಸಿಡಿದು ಪೀಪಾಯಿಯ ತಳಕ್ಕೆ ಇಳಿಯುತ್ತದೆ, ಹುಟ್ಟು ಒಡೆಯುವುದಿಲ್ಲ. ಅದನ್ನು ಮತ್ತೆ ಗೂಡಿಗೇ ಇಟ್ಟರೆ ಹುಳಗಳು ತಿರುಗಿ ತುಂಬುತ್ತವೆ.

ಭಾವ ಬೆಲೆ ಕೇಳಿದ. ಸಾಹೇಬರು ಹೇಳಿದರು.

"ಅಷ್ಟು ರೊಕ್ಕ ಇದ್ರ ಜೇನುಹುಳಾನ ಪಗಾರಕ್ಕ ಇಟಗೋಬಹುದಲ್ರಿ" ಅಂದು ಎದ್ದು ಬಂದ.

ಶಿರಹಟ್ಟಿಯ ಆಚೆ, ಕಪ್ಪತಗುಡ್ಡದ ಬುಡದಲ್ಲಿ ಅವನ ಚಿಕ್ಕಪ್ಪನ ಊರು. ಅಲ್ಲಿಯವರು ಮಣ್ಣಿನ ಗಡಿಗೆಗಳಲ್ಲಿ ಜೇನು ಸಾಕುತ್ತಿದ್ದರು. ತುಪ್ಪ ಬೇಕಾದಾಗ ಹುಟ್ಟನ್ನು ಮರಿಹುಳಗಳ ಸಮೇತ ಹಿಂಡುತ್ತಿದ್ದರು. ಹುಳಗಳು ಬೇಸತ್ತು ಗುಡ್ಡ ಸೇರುತ್ತಿದ್ದವು. ಬಡವರ ಕೈಗೆಟುಕುವ ಯಂತ್ರ ಮಾಡಿಕೊಡುತ್ತೇನೆಂದು ಭಾವ ಅವರಿಗೆ ಮಾತು ಕೊಟ್ಟ. ಅವರೇನೂ ಕೇಳಿರಲಿಲ್ಲ.

ಮೊದಲ ಯಂತ್ರಕ್ಕೆ ಬಲಿಯಾದದ್ದು ನಮ್ಮಕ್ಕನ ನೂಲು ಸುತ್ತುವ ರಾಟೆ. ಅದರ ಅಚ್ಚಿಗೆ ಬಿದಿರುಬುಟ್ಟಿ ಕಟ್ಟಿ, ದೀಪಕ್ಕೆ ಹಾಕುವ ಚಿಮಣಿ ಎಣ್ಣೆಯ ಡಬ್ಬಿಯೊಳಗೆ ಇಳಿಬಿಟ್ಟ. ಡಬ್ಬಿ ತೊಳೆದಿದ್ದೆನೆಂದು ಕೊನೆಯವರೆಗೂ ವಾದಿಸುತ್ತಿದ್ದ. ಆ ತುಪ್ಪವನ್ನು ಯಾರಿಗೆ ಬಡಿಸಬೇಕು? ನಮ್ಮ ಅಪ್ಪನಿಗೆ. ಅಪ್ಪ ಮರ್ಯಾದಸ್ಥ, ಅಳಿಯನ ಮನೆಯಲ್ಲಿ ಮುಖ ಕಿವಿಚುವವನಲ್ಲ. ಚಪಾತಿಗೆ ಹಚ್ಚಿಕೊಂಡು ನುಂಗಿದ. ಊಟ ಮುಗಿಸಿ ಬೀಡಿಗೆಂದು ಕಡ್ಡಿಪೆಟ್ಟಿಗೆ ತೆಗೆದಾಗ ನಾನು ಕೈ ಹಿಡಿದೆ.

"ಯಾಕಲೇ?"

"ಈಗ ಬ್ಯಾಡಪ್ಪಾ. ಬಾಯಿಗೆ ಉರಿ ಹತ್ತತೈತಿ."

ಆಮೇಲೆ ಭಾವನ ತಲೆಗೆ ಸುರಕ್ಷತೆ ಹೊಕ್ಕಿತು. ಹಿಟ್ಟಿನ ಜರಡಿಯನ್ನು ಮುಖಕ್ಕೆ ಕಟ್ಟಿಕೊಂಡರೆ ಹುಳ ಕಡಿಯುವುದಿಲ್ಲವಂತೆ. ಚಹಾ ಕಿಟಲಿಯಲ್ಲಿ ಬೆರಣಿ ಹಾಕಿ ಊದಿದರೆ ಕೊಳವೆಯಿಂದ ಹೊಗೆ ಬರುತ್ತದಂತೆ. ಇದನ್ನೆಲ್ಲ ಚಿಕ್ಕಪ್ಪನಿಗೆ ತೋರಿಸಲು ಹೊರಟ. ಅಕ್ಕನ ಒತ್ತಾಯಕ್ಕೆ ಮುಂಡರಗಿಯಲ್ಲಿ ನನ್ನ ಅರಿವೆ ಅಂಗಡಿ ಮುಚ್ಚಿ ನಾನೂ ಜೊತೆಗೆ ಹೋದೆ. ಜೊತೆಗೆ ಎಂದರೆ, ಪರಿಚಯವಿಲ್ಲದವನಂತೆ ನಾಲ್ಕು ಮಾರು ಹಿಂದೆ. ಶಿರಹಟ್ಟಿ ಆಗಿನ್ನೂ ಸಂಸ್ಥಾನದ ಊರು, ದಾರಿಯಲ್ಲಿ ತಪಾಸಣೆಯ ನಾಕಾ ಇತ್ತು. ನಿಜಾಮರ ಗಡಿಯ ಕಡೆಯಿಂದ ದಿನವೂ ಗಾಬರಿಯ ಸುದ್ದಿ ಬರುತ್ತಿದ್ದ ಕಾಲ. ಅಂಥ ಕಾಲದಲ್ಲಿ ಭಾವ, ಉಸಿರಾಡಲು ಆಗುತ್ತದೋ ಇಲ್ಲವೋ ಪರೀಕ್ಷಿಸೋಣವೆಂದು, ಜರಡಿ ಕಟ್ಟಿಕೊಂಡೇ ನಾಕಾದ ಮುಂದೆ ನಿಂತ. ಕೈಯಲ್ಲಿ ಕಿಟಲಿ ಹೊಗೆಯಾಡುತ್ತಿತ್ತು.

"ಮಾರಿಗೇನಿದು?" ಕಾವಲುಗಾರ ಕೇಳಿದ.

"ಜರಡಿರಿ. ಹುಳಾ ಕಡೀಬಾರದಂತ."

"ಎಲ್ಲದಾವ ಹುಳಾ?"

"ಇನ್ನ ಮುಂದ ಅದಾವ್ರಿ. ಅಲ್ಲಿಗೇ ಹೊಂಟೇನಿ."

ಕಾವಲುಗಾರ ಅವನನ್ನು ಮೂಲೆಯಲ್ಲಿ ಕೂರಿಸಿದ. ನಾನು ಸಂಬಂಧ ಒಪ್ಪಿಕೊಳ್ಳದೆ ಬೇರೆ ದಾರಿಯಿರಲಿಲ್ಲ. "ನಿಮ್ಮ ಭಾವನ ತಲಿ ಬರೋಬರಿ ಐತೇನು?" ಎಂದು ಅವನು ಮೆಲ್ಲಗೆ ಕೇಳಿದ. ಸರಕಾರಿ ಮನುಷ್ಯನ ಮುಂದೆ ಸುಳ್ಳು ಹೇಳಬಾರದೆಂದು ನಾನು ಸುಮ್ಮನೆ ನಿಂತೆ. ಕಾವಲುಗಾರ ಕನಿಕರದಿಂದ ಭಾವನನ್ನು ಬಿಟ್ಟುಬಿಟ್ಟ.

ಸಂಸ್ಥಾನಗಳು ಹೋದವು, ನಾಕಾಗಳೂ ಹೋದವು. ಭಾವನ ಹುಚ್ಚು ಹೋಗಲಿಲ್ಲ. ಮುಂದಿನ ಯಂತ್ರ ಸೈಕಲ್ಲಿನದು. ಸೈಕಲ್ಲನ್ನು ಅಡ್ಡ ಮಲಗಿಸಿ, ಹಿಂದಿನ ಗಾಲಿಗೆ ಹುಟ್ಟುಗಳನ್ನು ಕಟ್ಟಿ, ಸುತ್ತಲೂ ತಗಡು ನಿಲ್ಲಿಸಿ ಪೆಡಲು ತಿರುಗಿಸಿದ. ತಗಡು ಸಾಕಷ್ಟು ಎತ್ತರವಿರಲಿಲ್ಲ. ಗಾಲಿಯ ರಭಸಕ್ಕೆ ಹುಟ್ಟು, ಮೇಣ, ತುಪ್ಪ ಎಲ್ಲ ಕಾಂಪೌಂಡು ಹಾರಿದವು. ಆಚೆ ಬೀದಿಯಲ್ಲಿ ನೆರೆಮನೆಯವರು ಸೀರೆಯ ಹಾಸಿನ ಉದ್ದ ನೂಲಿಗೆ ಗಂಜಿ ಹಚ್ಚಿ ಒಣಗಲು ಎಳೆದು ಕಟ್ಟಿದ್ದರು. ಇರುವೆಗಳಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಆ ನೂಲು ತೊಳೆದುಕೊಡುವ ಕೆಲಸ ಅಕ್ಕನ ಪಾಲಿಗೆ ಬಂತು. ತೊಳೆದರೂ ಆ ಸೀರೆ ಉಟ್ಟ ಹೆಣ್ಣುಮಗಳು ಒಂದೆಡೆ ನಿಲ್ಲಲಾರಳು ಎಂದು ಬೆಟಗೇರಿಯಲ್ಲಿ ಬಹಳ ದಿನ ಆಡಿಕೊಂಡರು.

ಇಷ್ಟೆಲ್ಲ ಸಹಿಸಿದ ನನಗೆ ಒಂದು ದಿನ ಮುಂಡರಗಿಯಲ್ಲಿ ಖಬರು ಬಂತು: ಭಾವ ಯಂತ್ರಕ್ಕಾಗಿ ಮಗ್ಗವನ್ನೇ ಬಿಚ್ಚಿದ್ದಾನೆ. ಮಗ್ಗವೆಂದರೆ ಅವರ ಅನ್ನ. ಅಕ್ಕನನ್ನು ಕರೆತಂದೇ ಬಿಡುತ್ತೇನೆಂದು ಬಸ್ಸು ಹತ್ತಿದೆ. ಹರಿದು ಹಂಚಿಹೋಗಿದ್ದ ಕನ್ನಡದ ಊರುಗಳೆಲ್ಲ ಒಂದು ರಾಜ್ಯವಾದ ವಾರ ಅದು. ಗದಗಿನಲ್ಲಿ ಬಾಗಿಲು ಬಾಗಿಲಿಗೂ ತೋರಣ, ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರೂ ಕೈಗೆ ಪೇಢೆ ಇಡುತ್ತಿದ್ದರು. ಎಲ್ಲರೂ ಒಂದಾಗುತ್ತಿದ್ದಾಗ ನಾನು ಒಂದು ಮನೆಯನ್ನು ಎರಡು ಮಾಡಲು ಹೊರಟಿದ್ದೆ.

ಭಾವ ಪಡಸಾಲೆಯಲ್ಲಿ ಕೂತಿದ್ದ. ಚಿಕ್ಕಪ್ಪನ ಊರಿನಿಂದ ತಂದು ಹಿತ್ತಲಲ್ಲಿಟ್ಟಿದ್ದ ಗಡಿಗೆಯಿಂದ ಬೆಳಿಗ್ಗೆ ಹುಟ್ಟು ತೆಗೆಯುವಾಗ ಜರಡಿ ಜಾರಿ, ಹುಳ ಕಡಿದು ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು. ದನಿಯಿಂದಲೇ ನನ್ನನ್ನು ಗುರುತಿಸಿದ.

"ಬಾ, ಕುಂಡ್ರು. ಚಾ ಕುಡದು ಬೈ."

ನಾನು ಚಹಾಕ್ಕೆ ಕಾಯಲಿಲ್ಲ. ರಾಟೆಯಿಂದ ಹಿಡಿದು ಸೈಕಲ್ಲಿನವರೆಗೆ ಎಲ್ಲವನ್ನೂ ಎತ್ತಿ ಆಡಿದೆ. ಹೆಂಡತಿಯ ಹೊಟ್ಟೆಯ ಮೇಲೆ ಹೊಡೆದ ಗಂಡಸು ಎಂದೆ.

ಅಕ್ಕ ಅಡುಗೆಮನೆಯಿಂದ ಬಂದಳು. ಕೈಗೆಲ್ಲ ಮಗ್ಗದ ಎಣ್ಣೆ.

"ಅವರನ್ನ ಯಾಕ ಬೈತಿ? ಮಗ್ಗ ಬಿಚ್ಚಿದಾಕಿ ನಾನು."

"ನೀನಾ?"

"ಬ್ಯಾಡ ಅಂತ ಬಡಕೊಂಡೆ" ಎಂದ ಭಾವ. "ಕೇಳಲಿಲ್ಲ."

ಬಟ್ಟೆ ಸುತ್ತುವ ಉರುಳಿಯ ಹಲ್ಲುಗಾಲಿಗಳನ್ನಷ್ಟೇ ಅವಳು ತೆಗೆದಿದ್ದಳು. ದೊಡ್ಡದಕ್ಕೆ ಹಿಡಿಕೆ, ಸಣ್ಣದಕ್ಕೆ ಪಂಜರ. ಕೆಳಗೆ ಹೊಸ ತಗಡಿನ ಡಬ್ಬಿ. ಹುಟ್ಟು ಒಡೆಯದಂತೆ ಎರಡೂ ಬದಿಗೆ ನೂಲಿನ ಜಾಳಿಗೆ ಹೆಣೆದಿದ್ದಳು. ಮಗ್ಗಕ್ಕೆ ಮರದ ಗಾಲಿ ಮಾಡಿಕೊಡಲು ಬಡಿಗನಿಗೆ ಹೇಳಿಯೂ ಆಗಿತ್ತು.

"ನಿನಗ್ಯಾಕ ಬೇಕಿತ್ತವ್ವಾ ಈ ಹುಚ್ಚು?"

ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಇಷ್ಟು ವರ್ಷ ಊರ ಮಂದಿ ನಕ್ಕರು, ನೀ ನಕ್ಕಿ, ಅಪ್ಪ ನಕ್ಕ, ನಾನೂ ನಕ್ಕೇನಿ. ಈ ಮನಶ್ಯಾ ಒಂದಿನಾನೂ ಯಾರ ಮ್ಯಾಲೂ ಸಿಟ್ಟಾಗಲಿಲ್ಲ. ಇವರ ಕಡಿ ಒಬ್ಬರಾದ್ರೂ ನಿಂದ್ರಬೇಕಲ್ಲೋ."

ಅವಳು ಪಂಜರದಲ್ಲಿ ಹುಟ್ಟಿಟ್ಟು ಹಿಡಿಕೆ ತಿರುಗಿಸಿದಳು, ಮಗ್ಗದ ಮುಂದೆ ಕೂತಷ್ಟೇ ನಿಧಾನವಾಗಿ. ಡಬ್ಬಿಯೊಳಗೆ ಹನಿಗಳು ಸಿಡಿಯುವ ಸದ್ದು ಸಣ್ಣ ಮಳೆಯಂತೆ ಶುರುವಾಗಿ, ದಟ್ಟವಾಗಿ, ತಾನೇ ನಿಂತಿತು. ಭಾವ ಕತ್ತು ಚಾಚಿ ಕೇಳುತ್ತಿದ್ದ.

"ಒಡದೈತೇನ?" ಎಂದ.

ಅಕ್ಕ ಹುಟ್ಟನ್ನು ಹೊರತೆಗೆದು ಅವನ ಮುಂದೆ ಕುಳಿತಳು. ಅವನ ತೋರುಬೆರಳನ್ನು ಹಿಡಿದು, ಬರಿದಾಗಿದ್ದ ಹುಟ್ಟಿನ ಮೇಲೆ ಮೇಣದ ಒಂದೊಂದೇ ಮನೆ, ಸಾಲಿನಿಂದ ಸಾಲಿಗೆ, ಕೊನೆಯವರೆಗೂ ಆಡಿಸಿದಳು.