ಮೂರು ತಾಸು ತಡವಾದ ದುಬೈ ವಿಮಾನ

ಯಾವ ಬಂಡಿ ಎಷ್ಟೊತ್ತಿಗೆ ಬರುತ್ತದೆಂದು ಕೂತಲ್ಲೇ ಹೇಳಬಲ್ಲ ಮಹಾಪುರುಷ ಹಿರಿಯೂರಿಗೆಲ್ಲ ತಾನೊಬ್ಬನೇ ಎಂಬುದರಲ್ಲಿ ಓಬಳೇಶಪ್ಪನವರಿಗೆ ಅನುಮಾನವೇ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಕಂಟ್ರೋಲರ್ ಆಗಿ ರಿಟೈರಾದವರು ಅವರು. ಹೆಂಡತಿ ಹೇಮಾವತಿ ನಿವೃತ್ತ ಪಿ.ಟಿ. ಟೀಚರು. ಹಿರಿಯರ ಕ್ರೀಡಾಕೂಟದಲ್ಲಿ ಗುಂಡು ಎಸೆಯಲು ಆಕೆ ದುಬೈಗೆ ಹೊರಟಾಗ, "ವಾಪಸ್ ಬಂದು ಇಳಿಯೋ ನಿಮಿಷಕ್ಕೆ ನಾನು ಬಾಗಿಲಲ್ಲಿ ನಿಂತಿರ್ತೀನಿ" ಎಂದು ಶಪಥ ಮಾಡಿದರು.

ಬೆಂಗಳೂರಿನಿಂದ ದುಬೈಗೆ ಎರಡು ಸಾವಿರದ ಏಳುನೂರು ಕಿಲೋಮೀಟರು. ಬೆಳಿಗ್ಗೆ ಹತ್ತಕ್ಕೆ ಬಿಟ್ಟ ವಿಮಾನ ಹನ್ನೆರಡೂವರೆಗೆ ಇಳಿಯಿತೆಂದು ಹೇಮಾವತಿ ವಾಯ್ಸ್ ಮೆಸೇಜ್ ಕಳಿಸಿದ್ದರು. ಉಂಡು ಮಲಗಿದ್ದ ಓಬಳೇಶಪ್ಪ ಸಂಜೆ ಎದ್ದು ಅದನ್ನು ಕೇಳಿ, ಎರಡೂವರೆ ತಾಸೆಂದು ಬರೆದಿಟ್ಟುಕೊಂಡರು. ವಾಪಸ್ ಟಿಕೆಟ್ಟಿನಲ್ಲಿ ಮಾತ್ರ ಬೆಳಗಿನ ಜಾವ ನಾಲ್ಕಕ್ಕೆ ಬಿಟ್ಟು ಒಂಬತ್ತೂವರೆಗೆ ಮುಟ್ಟುವುದೆಂದಿತ್ತು. ಅವರಿಗೆ ನಗು ಬಂತು. ಅದೇ ದೂರಕ್ಕೆ ಬರುವಾಗ ಐದೂವರೆ ತಾಸೇ? ದಾರಿಯ ಹೋಟೆಲಿನಲ್ಲಿ ಕೂರುವುದಕ್ಕೆಂದೇ ಲಾಗ್‌ಶೀಟಿಗೆ ಟೈಮು ಸೇರಿಸುವ ಡ್ರೈವರುಗಳನ್ನು ಅವರು ಬೇಕಾದಷ್ಟು ನೋಡಿದ್ದರು. ವಿಮಾನ ಆರೂವರೆಗೇ ಬರುತ್ತದೆಂದು ತೀರ್ಮಾನಿಸಿ, ಕಾರು ಮಾಡಿಕೊಂಡು ಆರಕ್ಕೆಲ್ಲ ಏರ್‌ಪೋರ್ಟಿನ ಬಾಗಿಲಲ್ಲಿ ನಿಂತರು.

ಆರೂವರೆಯಾಯಿತು, ಏಳಾಯಿತು, ವಿಮಾನವಿಲ್ಲ. ಹೇಮಾವತಿಯ ಫೋನು ಸ್ವಿಚ್ ಆಫ್. ವಿಚಾರಿಸಿದರೆ ಅಲ್ಲಿದ್ದ ಹುಡುಗಿ, ಸಮಯಕ್ಕೆ ಸರಿಯಾಗಿ ಬರ್ತಿದೆ, ಗಾಬರಿಯಾಗಬೇಡಿ ಎಂದಳು. ಓಬಳೇಶಪ್ಪನವರ ಎದೆ ಧಸಕ್ಕೆಂದಿತು. ಐಮಂಗಲದ ಹತ್ತಿರ ಆಕ್ಸಲ್ ಮುರಿದು ಬಿದ್ದ ಬಸ್ಸಿನ ಬಗ್ಗೆ ಪ್ಯಾಸೆಂಜರುಗಳಿಗೆ ತಾವು ಹೇಳುತ್ತಿದ್ದ ಮಾತೂ ಇದೇ ಅಲ್ಲವೇ!

ಎಂಟಾದರೂ ವಿಮಾನವಿಲ್ಲ. ಕೆಳಗೆ ಸಮುದ್ರ, ಅವಳಿಗೆ ಈಜು ಬಾರದು. ಹೊರಡುವಾಗ ಉಪ್ಪಿಟ್ಟಿನ ಉಪ್ಪಿಗಾಗಿ ಜಗಳವಾಡಿದ್ದು ನೆನಪಾಗಿ ಕಣ್ಣು ತುಂಬಿ ಬಂತು. ಹಿರಿಯೂರಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದ ತಮ್ಮ ದುರ್ಗೇಶನಿಗೆ ಫೋನು ಹಚ್ಚಿದರು.

"ವಿಮಾನದ ಸುದ್ದೀನೇ ಇಲ್ಲ ಕಣೋ. ಯಾರಿಗೂ ಹೇಳಬ್ಯಾಡ."

ಹಾಗಾಗಿ ಅರ್ಧ ತಾಸಿನಲ್ಲಿ ಬೀದಿಗೆಲ್ಲ ಗೊತ್ತಾಯಿತು. ಒಬ್ಬೊಬ್ಬರಾಗಿ ಫೋನು ಮಾಡಿ ಧೈರ್ಯ ಹೇಳಿದ್ದಕ್ಕೆ ಓಬಳೇಶಪ್ಪನವರ ಧೈರ್ಯವೂ ಹೋಯಿತು, ಬ್ಯಾಟರಿಯೂ ಹೋಯಿತು.

ವಿಮಾನ ಒಂಬತ್ತೂವರೆಗೆ ಸರಿಯಾಗಿ ಇಳಿಯಿತು. ಸ್ವಲ್ಪ ಹೊತ್ತಿಗೆ ಹೇಮಾವತಿ ಕಂಚಿನ ಪದಕ ಹಾಕಿಕೊಂಡೇ ಹೊರಗೆ ಬಂದರು. ಗಂಡ ಕೈ ಹಿಡಿದುಕೊಂಡು, ಇಷ್ಟು ತಡ ಯಾಕಾಯಿತೆಂದು ಕೇಳಿದರು.

"ಎಲ್ಲಿ ತಡ? ಅಲ್ಲಿ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೈತೆ ರೀ. ಹೋಗಾಕೂ ನಾಕು ತಾಸು, ಬರಾಕೂ ನಾಕು ತಾಸು."

ಓಬಳೇಶಪ್ಪ ಕೆಮ್ಮಿದರು. ಹೆಂಡತಿಯ ಫೋನಿನಿಂದ ತಮ್ಮನಿಗೆ ತಿಳಿಸೋಣವೆಂದರೆ ಕಥೆಯೆಲ್ಲ ಅವಳೆದುರೇ ಬಿಚ್ಚಬೇಕು. ಊರಿಗೆ ಹೋಗಿಯೇ ಹೇಳಿದರಾಯಿತೆಂದು ಬಾಯಿ ಮುಚ್ಚಿಕೊಂಡು ಕಾರು ಹತ್ತಿದರು.

ಮಧ್ಯಾಹ್ನ ಬೀದಿಗೆ ತಿರುಗಿದರೆ ಮನೆ ಮುಂದೆ ಶಾಮಿಯಾನ! ಕುರ್ಚಿಗಳ ತುಂಬ ಜನ. ಕಾರಿನಿಂದಿಳಿದ ಹೇಮಾವತಿಯನ್ನು ಕಂಡು ಪಕ್ಕದ ಮನೆಯ ಉಚ್ಚಂಗೆಮ್ಮ ಅಪ್ಪಿಕೊಂಡು ಗೊಳೋ ಎಂದು ಅತ್ತರು. ಸೇವಂತಿಗೆ ಹಾರ ಹಿಡಿದಿದ್ದ ದುರ್ಗೇಶ, ಏನು ಮಾಡುವುದೆಂದು ತೋಚದೆ, ಅದನ್ನು ಅತ್ತಿಗೆಯ ಕೊರಳಿಗೇ ಹಾಕಿಬಿಟ್ಟ.

ಗೇಟಿಗೆ ಕಟ್ಟಿದ್ದ ಫ್ಲೆಕ್ಸನ್ನು ಹೇಮಾವತಿ ಕಣ್ಣೊರೆಸಿಕೊಂಡು ನೋಡಿದರು. ಅವರದೇ ದೊಡ್ಡ ಫೋಟೋ, ಎರಡೂ ಬದಿಗೆ ದೀಪ, ಕೆಳಗೆ ಹೆಸರು, ಮೇಲೆ ಒಂದು ಸಾಲಿನಷ್ಟು ಜಾಗ ಖಾಲಿ.

"ಇಷ್ಟೆಲ್ಲ ಮಾಡ್ಸಿ, 'ಅಭಿನಂದನೆಗಳು' ಅಂತ ಹಾಕ್ಸೋದು ಮರೆತೀರಲ್ರೀ!"